ಮಧ್ಯಾಹ್ನದ ತಂತಿ

ಇದನ್ನು ಬರೆಯಬೇಕೆಂದುಕೊಂಡು ಬಹಳ ವರ್ಷಗಳಾದವು. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಎಂದೆ. ತೆಗೆಸಿಯೂ ಆಯಿತು. ಬರೆಯಲೆಂದೇ ತಂದ ನೋಟ್‌ಬುಕ್ಕಿನಲ್ಲಿ ಮೊಮ್ಮಗಳು ಬೆಕ್ಕುಗಳ ಚಿತ್ರ ತುಂಬಿಸಿದಳು. ನನಗೆ ಒಳಗೊಳಗೇ ಸಮಾಧಾನವೇ ಆಯಿತು. ನನ್ನ ಬದುಕಿನ ಅತಿ ಹೆಮ್ಮೆಯ ಕೆಲಸವೂ ಅತಿ ನಾಚಿಕೆಯ ಕೆಲಸವೂ ಒಂದೇ ರಸ್ತೆಯ ಮೇಲೆ, ಹತ್ತು ದಿನಗಳ ಒಳಗೆ ನಡೆದವು. ಹೆಮ್ಮೆಯದನ್ನು ಮದುವೆಮನೆಗಳಲ್ಲಿ, ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಉಳಿದರ್ಧವನ್ನು ಹೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಮಾರ್ಚ್ ಅದು. ನಾನು ಭಟ್ಕಳದ ಒಬ್ಬ ಸಾಗಾಟ ಗುತ್ತಿಗೆದಾರರ ಬಳಿ ಇದ್ದೆ. ವಿದೇಶದಿಂದ ಬಂದ ಗಾಳಿಯಂತ್ರದ ಭಾಗಗಳು ಮಂಗಳೂರಿನ ಬಂದರಿನಲ್ಲಿ ಇಳಿದು ಹೆದ್ದಾರಿಯಲ್ಲಿ ಉತ್ತರಕ್ಕೆ ಬಂದು, ಅಂಕೋಲೆಯಲ್ಲಿ ತಿರುಗಿ ಘಟ್ಟ ಹತ್ತಿ ಬಯಲುಸೀಮೆಯ ಗುಡ್ಡಗಳಿಗೆ ಹೋಗುತ್ತಿದ್ದವು. ಭಟ್ಕಳದಿಂದ ಹೊನ್ನಾವರ, ಕುಮಟಾ ದಾಟುವವರೆಗೆ ದಾರಿ ನನ್ನದು. ಅಂಕೋಲೆಯಲ್ಲಿ ಘಟ್ಟದ ತಂಡದವರ ಕೈಗೆ ಒಪ್ಪಿಸಿದರೆ ನನ್ನ ಹೊಣೆ ಮುಗಿಯಿತು. ಮೂರು ರೆಕ್ಕೆಗಳು ಒಂದು ಜೋಡಣೆ. ಕಾರ್ಖಾನೆಯಲ್ಲಿ ಮೂರನ್ನೂ ತೂಗಿ ಸರಿದೂಗಿಸಿ ಕಳಿಸಿರುತ್ತಾರೆ. ದಾರಿಯಲ್ಲಿ ಒಂದಕ್ಕೆ ಪೆಟ್ಟಾದರೆ ಉಳಿದೆರಡೂ ಕೆಲಸಕ್ಕೆ ಬಾರವು. ರೆಕ್ಕೆಯ ತೊಂದರೆ ಅದರ ಉದ್ದ. ಕಂಬದ ತೊಂದರೆ ಅದರ ಎತ್ತರ. ಕಂಬ ಎಂದರೆ ಉಕ್ಕಿನ ಕೊಳವೆ. ಅದರ ಬುಡದ ತುಂಡನ್ನು ಲಾರಿಯ ಮೇಲೆ ಮಲಗಿಸಿದರೆ ಅದರೊಳಗೆ ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ಹೋಗಬಹುದಿತ್ತು.

ಈ ಕೆಲಸಕ್ಕೆ ಒಂದು ವಿಚಿತ್ರ ಲಯವಿತ್ತು. ವರ್ಷದ ಒಂಬತ್ತು ತಿಂಗಳು ಏನೂ ಇಲ್ಲ. ಜನವರಿ ಬಂತೆಂದರೆ ಫೋನು ಬಾಯಿ ಮುಚ್ಚುತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿಯವನು, ನನಗೆ ಇದು ಅರ್ಥವಾಗಿರಲಿಲ್ಲ. ಗಾಳಿ ಬೀಸುವುದು ಜೂನ್‌ನಲ್ಲಿ, ಇವರು ಓಡುವುದು ಮಾರ್ಚ್‌ನಲ್ಲಿ. ಯಂತ್ರದ ಕಂಪನಿಯ ಎಂಜಿನಿಯರನನ್ನು ಕೇಳಿದೆ. ಮೈಸೂರಿನ ಕಡೆಯ ಹುಡುಗ, ಮೆತ್ತಗೆ ಮಾತಾಡುವವನು.

"ಇದನ್ನ ಕೊಳ್ಳೋರು ವಿದ್ಯುತ್ತಿಗಿಂತ ಮೊದಲು ತೆರಿಗೆ ನೋಡ್ತಾರೆ," ಎಂದ. "ಬಟ್ಟೆ ಮಿಲ್ಲಿನವರು, ಸಿಮೆಂಟಿನವರು. ಯಂತ್ರದ ಬೆಲೆಯನ್ನೆಲ್ಲ ಅದೇ ವರ್ಷದ ಖರ್ಚು ಅಂತ ತೋರಿಸೋಕೆ ಸರ್ಕಾರ ಬಿಟ್ಟಿದೆ. ಒಂದೇ ಷರತ್ತು. ಮಾರ್ಚ್ ಮೂವತ್ತೊಂದರ ಒಳಗೆ ಅದು ತಿರುಗಿ ಲೈನಿಗೆ ವಿದ್ಯುತ್ ಕೊಟ್ಟಿರಬೇಕು."

"ಎಷ್ಟು ಕೊಡ್ಬೇಕು?"

"ಅಷ್ಟು ಅಂತ ಇಲ್ಲ. ತಿರುಗಿದೆ ಅಂತ ಕಾಗದ ಸಿಕ್ಕಿದ್ರೆ ಸಾಕು."

ಹೀಗೆ ದೆಹಲಿಯ ಒಂದು ಕಾಗದ ಭಟ್ಕಳದಲ್ಲಿ ನಾನು ಎಷ್ಟು ಹೊತ್ತಿಗೆ ಏಳಬೇಕೆಂದು ನಿರ್ಧರಿಸುತ್ತಿತ್ತು. ಅದನ್ನು ತಪ್ಪೆಂದು ಹೇಳುತ್ತಿಲ್ಲ. ಆ ಕಾಗದ ಇಲ್ಲದಿದ್ದರೆ ಆ ಗುಡ್ಡಗಳಲ್ಲಿ ಒಂದು ಯಂತ್ರವೂ ಏಳುತ್ತಿರಲಿಲ್ಲ. ನಾನಂತೂ ಗಾಳಿಯಿಂದ ವಿದ್ಯುತ್ ಬರುತ್ತದೆಂದು ಮೊದಲು ತಿಳಿದದ್ದೇ ಹಾಗೆ.

ಮೊದಲ ಲಾರಿ ಬರುವ ಮುಂಚೆ ದಾರಿ ಅಳೆಯಬೇಕಿತ್ತು. ಇದು ನಾನೇ ಕಂಡುಕೊಂಡ ಉಪಾಯ. ಅಡಿಕೆ ದಬ್ಬೆಗಳನ್ನು, ಎಂದರೆ ಅಡಿಕೆ ಮರ ಸೀಳಿದ ಪಟ್ಟಿಗಳನ್ನು, ಒಂದಕ್ಕೊಂದು ಕಟ್ಟಿ ರೆಕ್ಕೆಯಷ್ಟೇ ಉದ್ದದ ಚೌಕಟ್ಟು ಮಾಡಿದೆ. ಲಾರಿಯ ಮುಂದಿನ ಮತ್ತು ಹಿಂದಿನ ಚಕ್ರಗಳು ಬರುವ ಜಾಗದಲ್ಲಿ ಎರಡು ಕೈಗಾಡಿ ಇಟ್ಟು ಅದರ ಮೇಲೆ ಹೇರಿದೆ. ಆರು ಜನ ಅದನ್ನು ತಳ್ಳಿಕೊಂಡು ಬೆಳಗಿನ ಜಾವ ಪ್ರತಿ ತಿರುವಿನಲ್ಲೂ ನಡೆಯುವುದು. ಬಾಲ ಯಾವ ಗೋಡೆಗೆ ತಾಗುತ್ತದೆ, ಯಾವ ಅಂಗಡಿಯ ಚಪ್ಪರ ಬಿಚ್ಚಿಸಬೇಕು, ಎಲ್ಲಿ ಚರಂಡಿಗೆ ಕಲ್ಲು ತುಂಬಬೇಕು ಎಂದು ಗುರುತು ಹಾಕುವುದು. ಹೊನ್ನಾವರದಲ್ಲಿ ಹಾಲಿನವನೊಬ್ಬ ಸೈಕಲ್ಲು ನಿಲ್ಲಿಸಿ ನೋಡಿದ.

"ಎಂತ ಚಟ್ಟನಾ ಇದು, ಇಷ್ಟುದ್ದ? ಹೆಣ ಎಲ್ಲಿ?"

ತಳ್ಳುವವರಲ್ಲಿ ಒಬ್ಬ ತಿರುಗಿಯೂ ನೋಡದೆ ಹೇಳಿದ: "ಅಳತೆ ನೋಡೂಕೆ ತಂದದ್ದು. ಬಾ, ಮಲಗು."

ಎಲ್ಲವನ್ನೂ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಶುಕ್ರವಾರ ಮಧ್ಯಾಹ್ನ ಭಟ್ಕಳದ ಪೇಟೆಯಲ್ಲಿ ಲಾರಿ ನಿಂತಿರಬಾರದು, ನಮಾಜಿಗೆ ಜನ ಸೇರುತ್ತಾರೆ. ಸಂಕಷ್ಟಿಯ ದಿನ ಇಡಗುಂಜಿ ಕ್ರಾಸಿನಲ್ಲಿ ಬೇಡ, ದೇವಸ್ಥಾನಕ್ಕೆ ಹೋಗುವ ವಾಹನಗಳ ಸಾಲು ಇರುತ್ತದೆ. ಶರಾವತಿಯ ಸೇತುವೆಯ ಮೇಲೆ ನಮ್ಮ ಲಾರಿ ಇರುವಾಗ ಬೇರೆ ಭಾರದ ಗಾಡಿ ಇರಕೂಡದು. ಓಡಿಸುವುದು ಬೆಳಕು ಹರಿದಾಗಿನಿಂದ ಒಂಬತ್ತು ಗಂಟೆಯವರೆಗೆ ಮಾತ್ರ. ಆಮೇಲೆ ಬದಿಗೆ ಹಾಕಿ ಮರುದಿನದ ಬೆಳಗಿಗೆ ಕಾಯಬೇಕು. ಕತ್ತಲಲ್ಲಿ ಓಡಿಸಲು ಅನುಮತಿಯೇ ಇರಲಿಲ್ಲ. ಈ ಒಂಬತ್ತು ಗಂಟೆಯ ನಿಯಮವನ್ನು ಪೊಲೀಸರು ಹೇಳಿದ್ದಲ್ಲ, ನಾನೇ ಹಾಕಿಕೊಂಡದ್ದು.

ಕೊನೆಯ ಕೆಲಸ ತಂತಿಗಳದ್ದು. ದಾರಿಗೆ ಅಡ್ಡಲಾಗಿ ಎಷ್ಟು ವಿದ್ಯುತ್ ತಂತಿ ಹಾಯುತ್ತವೋ ಅಷ್ಟಕ್ಕೂ ನಂಬರು ಕೊಟ್ಟು ಎತ್ತರ ಬರೆಯಬೇಕು. ಇದಕ್ಕಾಗಿ ವಿದ್ಯುತ್ ಇಲಾಖೆಯವರು ಒಬ್ಬ ಲೈನ್‌ಮನ್ನನ್ನು ನಮ್ಮ ಜೊತೆ ಕೊಟ್ಟಿದ್ದರು. ನನ್ನದೇ ವಯಸ್ಸಿನವನು, ಸಣಕಲು ಮೈ, ಯಾವಾಗಲೂ ಬಾಯಲ್ಲಿ ಎಲೆಯಡಿಕೆ. ಕಂಬ ಹತ್ತುವಾಗ ಅವನ ಕಾಲಿಗೆ ಕಣ್ಣಿದೆ ಎನ್ನಿಸುತ್ತಿತ್ತು. ಮನೆಗಳಿಗೆ ಹೋಗುವ ಸಣ್ಣ ತಂತಿಗಳನ್ನು ಲಾರಿ ಬಂದಾಗ ಒಣ ಬಿದಿರಿನ ಕವೆಗೋಲಿನಿಂದ ಎತ್ತಿ ಹಿಡಿದು ದಾಟಿಸುತ್ತಿದ್ದ. ದೊಡ್ಡ ತಂತಿಗಳ ಮಾತು ಬೇರೆ. ಅವುಗಳ ಹತ್ತಿರ ಕೋಲು ಒಯ್ಯಬೇಕಾದರೂ ಸಬ್‌ಸ್ಟೇಷನ್ನಿಗೆ ಹೇಳಿ ವಿದ್ಯುತ್ ನಿಲ್ಲಿಸಿ, ಅದಕ್ಕೊಂದು ನಂಬರು ಪಡೆದು ಬರೆದುಕೊಳ್ಳಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ.

ಜನವರಿಯಲ್ಲಿ ಹಾಗೆ ವಿದ್ಯುತ್ ನಿಲ್ಲಿಸಿ ಅಳೆದೆವು. ಧಾರೇಶ್ವರಕ್ಕೆ ಇನ್ನೂ ಸ್ವಲ್ಪ ಮುಂಚೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಮೇಲಿಂದ ಉದ್ದಕ್ಕೆ ಹಾಯ್ದು ಬರುವ ದೊಡ್ಡ ತಂತಿ. ಮಂಜು ಬಿದ್ದ ಬೆಳಗು. ಕೊಳವೆಯ ಎತ್ತರಕ್ಕೆ ಬಣ್ಣ ಬಳಿದ ನಮ್ಮ ಕೋಲಿನ ಗುರುತಿಗೂ ತಂತಿಗೂ ನಡುವೆ ಒಂದೂವರೆ ಮೊಳ ಜಾಗ ಸಿಕ್ಕಿತು. ಸಾಕಾಗುತ್ತಿತ್ತು. ನಾನು 'ದಾಟಬಹುದು' ಎಂದು ಬರೆದೆ.

ಲೈನ್‌ಮನ್ ಇಣುಕಿ ನೋಡಿದ. "ಹೊತ್ತು ಬರ್ಕಾ."

"ಎಂತ ಹೊತ್ತು?"

"ಎಷ್ಟೊತ್ತಿಗೆ ಅಳೆದದ್ದು ಅಂತ. ಈಗ ತಂಪು, ಕರೆಂಟೂ ಇಲ್ಲ. ತಂತಿ ಬಿಗೀ ಅದೆ. ಮಾರ್ಚಿನ ಬಿಸಿಲಿಗೆ ಕರೆಂಟೂ ಹರೀತಾ ಇದ್ರೆ ಜೋತು ಬೀಳ್ತದೆ."

"ತಂತಿಗೂ ಮಧ್ಯಾಹ್ನ ನಿದ್ದೆ ಬರ್ತದ್ಯನಾ?"

"ನಿಂಗೆ ಬರೂದಿಲ್ವಾ?" ಎಂದು ಅವನು ನಕ್ಕ. "ಒಂದು ಗೆರೆ ಎಳ್ದು ಒಂದು ಕಲಂ ಮಾಡು ಮಾರಾಯಾ. ನಿಂಗೆ ಎಂತ ಭಾರ?"

ನಾನು ಮಾಡಲಿಲ್ಲ. ನಾವು ಹೇಗೂ ಒಂಬತ್ತರ ಒಳಗೇ ಓಡಿಸುವವರು, ಮಧ್ಯಾಹ್ನದ ಚಿಂತೆ ಯಾಕೆ ಎನ್ನಿಸಿತು. ಮೇಲಾಗಿ ರಿಜಿಸ್ಟರು ನನ್ನದು. ಅದರ ಕಲಂಗಳನ್ನು ಲೈನ್‌ಮನ್ ಹೇಳಿಕೊಡುವುದು ನನಗೆ ಅಷ್ಟು ಹಿಡಿಸಲೂ ಇಲ್ಲ.

ಫೆಬ್ರವರಿ, ಮಾರ್ಚ್ ಮೊದಲರ್ಧ ಒಂದರ ಹಿಂದೊಂದು ಹೊರೆ ದಾಟಿದವು. ಒಂದು ರೆಕ್ಕೆಗೂ ಉಗುರಿನಷ್ಟು ಗೀರು ಬೀಳಲಿಲ್ಲ. ಭಟ್ಕಳದ ಒಂದು ತಿರುವಿನಲ್ಲಿ ರೆಕ್ಕೆಯ ತುದಿ ಚಹದ ಅಂಗಡಿಯೊಳಗೆ ಹೊಕ್ಕು, ಕುಡಿಯುತ್ತಿದ್ದವರ ತಲೆಯ ಮೇಲಿಂದ ಹಾದು, ಇನ್ನೊಂದು ಬದಿಯಿಂದ ಹೊರಗೆ ಬಂತು. ಅಂಗಡಿಯವನು ಮುಂಚೆಯೇ ನಮ್ಮ ಮಾತಿನಂತೆ ಚಪ್ಪರ ಬಿಚ್ಚಿಟ್ಟಿದ್ದ. ಗಿರಾಕಿಗಳು ಲೋಟ ಹಿಡಿದು ಕುಳಿತೇ ಇದ್ದರು. ಸೇಲಂ ಕಡೆಯ ತಮಿಳು ಚಾಲಕ ಇಳಿದು ಬಂದು ನನ್ನ ಕೈ ಹಿಡಿದುಕೊಂಡ. "ಅಣ್ಣಾ, ನಿಮ್ಮ ದಬ್ಬೆ ಗಾಡಿ ಸುಳ್ಳು ಹೇಳಲ್ಲ," ಎಂದ. ಆ ಮಾತನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಕೊನೆಯ ಹೊರೆ ಬಂದದ್ದು ಮಾರ್ಚ್ ಕೊನೆಯ ವಾರದಲ್ಲಿ. ಹಡಗು ತಡವಾಗಿತ್ತು. ಮುಂದಿನ ವರ್ಷ ಸರ್ಕಾರ ಈ ತೆರಿಗೆಯ ಅನುಕೂಲವನ್ನು ಕಡಿಮೆ ಮಾಡುತ್ತದೆ ಎಂಬ ಸುದ್ದಿ ಬೇರೆ ಹಬ್ಬಿತ್ತು. ಈ ಯಂತ್ರ ಮೂವತ್ತೊಂದರ ಒಳಗೆ ತಿರುಗದಿದ್ದರೆ ಕೊಂಡವರು ಬೇಡ ಎನ್ನುತ್ತಾರೆ, ಆಗ ಗುಡ್ಡದ ಮೇಲೆ ಇನ್ನು ಹಾಕಬೇಕಾಗಿದ್ದ ಯಂತ್ರಗಳೂ ನಿಲ್ಲುತ್ತವೆ ಎಂದು ಎಂಜಿನಿಯರ್ ಹೇಳಿದ. ರೆಕ್ಕೆಗಳು ಹಿಂದಿನ ದಿನವೇ ದಾಟಿ ಅಂಕೋಲೆ ಸೇರಿದ್ದವು. ಉಳಿದದ್ದು ಬುಡದ ಕೊಳವೆ ಒಂದೇ. ಅದು ಹೋಗದೆ ಉಳಿದದ್ದನ್ನು ನಿಲ್ಲಿಸುವಂತಿಲ್ಲ. ಘಟ್ಟದ ತಂಡಕ್ಕೆ ಸಿಕ್ಕಿದ್ದ ಅನುಮತಿ ಆ ದಿನ ಸಂಜೆಯವರೆಗೆ ಮಾತ್ರ.

ಬೆಳಗಿನ ಆರು ಗಂಟೆಗೆ ನಾವು ಶರಾವತಿಯ ಈಚೆ ದಡದಲ್ಲಿದ್ದೆವು. ಆರೂ ಹತ್ತಕ್ಕೆ ಸೇತುವೆಯ ನಟ್ಟನಡುವೆ ಒಂದು ಬಸ್ಸಿನ ಆಕ್ಸಲ್ ಮುರಿಯಿತು.

ಸೇತುವೆ ಅಗಲವಿರಲಿಲ್ಲ. ಸಣ್ಣ ಗಾಡಿಗಳು ಬಸ್ಸಿನ ಬದಿಯಲ್ಲಿ ತೂರಿಕೊಂಡು ಹೋದವು. ನಮ್ಮದು ಹೋಗುವಂತಿರಲಿಲ್ಲ. ಬಸ್ಸಿನ ಜನ ಗಂಟು ಹೊತ್ತು ಸೇತುವೆ ನಡೆದು ದಾಟಿದರು. ಮೆಕ್ಯಾನಿಕ್ ಬಂದ, ನೋಡಿದ, ಸಾಮಾನು ತರಲು ಹೋದ. ಎಂಟಾಯಿತು, ಒಂಬತ್ತಾಯಿತು. ನನ್ನ ನಿಯಮದ ಪ್ರಕಾರ ಆ ದಿನ ಮುಗಿಯಿತು. ಬಸ್ಸನ್ನು ಎಳೆದು ತೆಗೆದಾಗ ಹನ್ನೊಂದು ಹತ್ತಿರವಾಗಿತ್ತು.

ಎಂಜಿನಿಯರ್ ನನ್ನ ಹತ್ತಿರ ಬಂದ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. "ಹೋಗಬಹುದಾ?" ಎಂದು ಕೇಳಿದ. ಹೋಗಿ ಎನ್ನಲಿಲ್ಲ. ಕೇಳಿದ, ಅಷ್ಟೆ.

ಲೈನ್‌ಮನ್ ನನ್ನ ಮುಖ ನೋಡಿದ. ನಾನು ರಿಜಿಸ್ಟರು ತೆರೆದು ಪುಟ ತಿರುಗಿಸಿದೆ. ಎಲ್ಲ ಕಡೆ 'ದಾಟಬಹುದು' ಎಂದೇ ಇತ್ತು. ಎಷ್ಟು ಹೊತ್ತಿಗೆ ದಾಟಬಹುದು ಎಂದು ಎಲ್ಲೂ ಇರಲಿಲ್ಲ.

"ಹೋಗಬಹುದು," ಎಂದೆ.

ಸೇತುವೆ ದಾಟಿದೆವು. ಹೊನ್ನಾವರದ ಪೇಟೆ, ಕರ್ಕಿ, ಹಳದೀಪುರ. ಬೆಳಗಿನ ಖಾಲಿ ರಸ್ತೆಯಲ್ಲ ಅದು. ಎಲ್ಲ ಬಸ್ಸುಗಳೂ, ಮೀನಿನ ಗಾಡಿಗಳೂ ನಮ್ಮ ಹಿಂದೆ ಸಾಲುಗಟ್ಟಿದವು. ತಂತಿ ಬಂದಲ್ಲೆಲ್ಲ ನಾನು ಇಳಿದು ಕೋಲು ಹಿಡಿದು ಮುಂದೆ ನಡೆಯುತ್ತಿದ್ದೆ. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಧಾರೇಶ್ವರದ ಮುಂಚಿನ ಆ ತಂತಿಯ ಹತ್ತಿರ ಬಂದಾಗ ಒಂದು ಗಂಟೆಗೆ ಸ್ವಲ್ಪ ಕಡಿಮೆ. ಲೈನ್‌ಮನ್ ಓಡಿ ಬಂದು ಲಾರಿಯ ಮುಂದೆ ಎರಡೂ ಕೈ ಎತ್ತಿ ನಿಂತ. ಚಾಲಕ ನಿಲ್ಲಿಸಿದ. ಲೈನ್‌ಮನ್ ರಸ್ತೆಯ ಬದಿಗೆ ಹೋಗಿ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಕೊಳವೆಯ ನೆತ್ತಿಯ ಸಮಕ್ಕೆ ನೋಡಿದ.

"ಒಂದು ಗೇಣೂ ಇಲ್ಲ."

ನಾನೂ ಕೂತು ನೋಡಿದೆ. ತಂತಿ ಗಜನಿಯ ಮೇಲೆ ತೊಟ್ಟಿಲಿನ ಹಗ್ಗದ ಹಾಗೆ ಜೋತು ನಿಂತಿತ್ತು. ಕೊಳವೆ ಉಕ್ಕು, ಲಾರಿ ಕಬ್ಬಿಣ, ಅದರೊಳಗೆ ಒಬ್ಬ ಮನುಷ್ಯ. ತಂತಿ ಮುಟ್ಟಬೇಕೆಂದೂ ಇಲ್ಲ, ಹತ್ತಿರ ಬಂದರೇ ವಿದ್ಯುತ್ ಹಾರುತ್ತದೆ.

ಲೈನ್ ಕ್ಲಿಯರ್ ಕೇಳಲು ಒಬ್ಬನನ್ನು ಸೈಕಲ್ಲಿನಲ್ಲಿ ಧಾರೇಶ್ವರದ ಫೋನ್ ಬೂತಿಗೆ ಕಳಿಸಿದೆವು. ಆಗ ಜೇಬಿನಲ್ಲಿ ಫೋನು ಇರಲಿಲ್ಲ. ಅವನು ಮರಳಿ ಬಂದು, ಸಬ್‌ಸ್ಟೇಷನ್ನಿನ ಫೋನೇ ಸಿಗುತ್ತಿಲ್ಲ ಎಂದ. ಮತ್ತೆ ಕಳಿಸಿದೆವು. ಹಿಂದೆ ಹಾರ್ನುಗಳು. ರಿವರ್ಸ್ ಹೋಗಲು ಜಾಗವಿಲ್ಲ, ಬದಿಗೆ ಹಾಕಲು ಎರಡೂ ಕಡೆ ನೀರು ನಿಂತ ಗದ್ದೆ. ಪೊಲೀಸ್ ಪೇದೆ ಬಂದು, ಸಾಹೇಬರು ಬರುವುದರೊಳಗೆ ತೆಗೆಯಿರಿ, ಇಲ್ಲದಿದ್ದರೆ ಅನುಮತಿಯೇ ರದ್ದು ಎಂದು ಹೇಳಿ ಹೋದ.

ಅಲ್ಲೇ ಕಂಬದ ಮೇಲೆ ಆ ಲೈನಿನ ಸ್ವಿಚ್ ಇತ್ತು, ಕೆಳಗೆ ಹಿಡಿಕೆ, ಹಿಡಿಕೆಗೆ ಬೀಗ. ಬೀಗದ ಕೈ ಲೈನ್‌ಮನ್ನನ ಸೊಂಟದಲ್ಲಿತ್ತು.

"ತೆಗಿಯಾ," ಎಂದೆ.

"ಹಾಂಗೆಲ್ಲ ತೆಗೂಕೆ ಬರೂದಿಲ್ಲ. ಕರೆಂಟು ಹರೀತಾ ಇರುವಾಗ ತೆಗೆದ್ರೆ ಬೆಂಕಿ ಹಾರ್ತದೆ, ಸ್ವಿಚ್ ಸುಟ್ಟು ಹೋಗ್ತದೆ. ನಂಬರು ಇಲ್ದೆ ಕೈ ಹಾಕಿದ್ರೆ ನನ್ನ ನೌಕರೀನೂ ಹೋಗ್ತದೆ."

"ಹತ್ತು ನಿಮಿಷ ಮಾರಾಯಾ."

"ಸೈಕಲ್ಲು ಬರ್ಲಿ."

"ಸೈಕಲ್ಲು ಬರೂದ್ರೊಳಗೆ ಪೊಲೀಸು ಬರ್ತದೆ. ಎರಡು ತಿಂಗಳ ಕೆಲಸ, ಇಲ್ಲಿಗೆ ಬಂದು ನಿಂತ್ಕಂಬೂದಾ? ಜವಾಬ್ದಾರಿ ನಂದು. ಯಾರು ಕೇಳಿದ್ರೂ ನಾನು ಹೇಳ್ತೆ, ನಾನೇ ತೆಗೆಸಿದ್ದು ಅಂತ."

ಅವನು ಎಲೆಯಡಿಕೆ ಉಗುಳಿದ. ಚಾಲಕನನ್ನು ನೋಡಿದ. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ತಂತಿಯನ್ನೇ ನೋಡುತ್ತಿದ್ದ, ಅವನ ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳುತ್ತಿದ್ದನೋ ಏನೋ.

"ಎಲ್ರೂ ಆಚೆ ಹೋಗಿ," ಎಂದ ಲೈನ್‌ಮನ್. ಕೈಗವಸು ಹಾಕಿಕೊಂಡು ಬೀಗ ತೆಗೆದು ಹಿಡಿಕೆ ಎಳೆದ. ಮೇಲೆ ನೀಲಿ ಬೆಂಕಿ ಎದ್ದಿತು, ಗದ್ದೆಯ ಕೊಕ್ಕರೆಗಳು ಒಟ್ಟಿಗೆ ಹಾರಿದವು. ಆಮೇಲೆ ನಿಶ್ಶಬ್ದ. ಅವನು ನಡೆದು ಬಂದು, ಉಳಿದ ವಿದ್ಯುತ್ ನೆಲಕ್ಕಿಳಿಯಲೆಂದು ತಂತಿಗೆ ಭೂಮಿಯ ಸರಪಳಿ ಕೊಟ್ಟು, ನನಗೆ ತಲೆಯಾಡಿಸಿದ.

ಮುಂದಿನ ಹತ್ತು ನಿಮಿಷವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವನು ಕೊಳವೆಯ ಮೇಲೆ ಕವೆಗೋಲು ಹಿಡಿದು ಕುಳಿತು ತಂತಿಯನ್ನು ಎತ್ತಿಕೊಂಡ. ನಾನು ಚಾಲಕನ ಮುಂದೆ ಹಿಂದಡಿ ಇಡುತ್ತ ಕೈಸನ್ನೆ ಮಾಡಿದೆ. ಲಾರಿ ಎಮ್ಮೆ ನಡೆದಂತೆ ನಡೆಯಿತು. ತಂತಿ ಕವೆಗೋಲಿನ ಮೇಲೆ ಜಾರಿ, ಹಿಂದಕ್ಕೆ ಹೋಗಿ, ಕೊಳವೆಯ ಬಾಲದಿಂದ ಇಳಿಯಿತು. ಹಿಂದಿನ ಬಸ್ಸುಗಳ ಜನ ಇಳಿದು ನಿಂತು ನೋಡುತ್ತಿದ್ದರು. ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು, "ದಾಟ್ತು ಬಾಯಿ, ದಾಟ್ತು," ಎಂದು ಕೊಂಕಣಿ ಸೇರಿಸಿ ಪಕ್ಕದವಳಿಗೆ ಹೇಳಿದಳು. ಕುಮಟಾ ದಾಟಿ ಮೂರೂವರೆಗೆ ಅಂಕೋಲೆಯಲ್ಲಿ ಹೊರೆ ಒಪ್ಪಿಸಿದೆ.

ಮೂವತ್ತನೇ ತಾರೀಕು ಯಂತ್ರ ತಿರುಗಿತು. ಗಾಳಿಯೇ ಇರಲಿಲ್ಲವಂತೆ. ಸಂಜೆ ಒಂದು ಬೀಸು ಬಂದಾಗ ಇಪ್ಪತ್ತು ನಿಮಿಷ ತಿರುಗಿ ಕಾಗದ ಆಯಿತು. ಎಂಜಿನಿಯರ್ ಫೋನಿನಲ್ಲಿ ಅಳುತ್ತಿದ್ದ. ಗುತ್ತಿಗೆದಾರರು ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿದರು. ಅದು ಈಗಲೂ ನಮ್ಮ ಗೋಡೆಯ ಮೇಲಿದೆ. ಅದರಲ್ಲಿ ಲೈನ್‌ಮನ್ ಇಲ್ಲ.

ಆ ದಿನ ಹೊರೆ ದಾಟಿದ ಮೇಲೆ ಅವನು ಮರಳಿ ಸ್ವಿಚ್ ಹಾಕಲು ಹೋದಾಗ ಅದು ಕೂಡಲಿಲ್ಲ. ಸುಟ್ಟು ಕರಗಿತ್ತು. ಹೊಸದು ಬಂದು ಕೂರಿಸುವಾಗ ಕತ್ತಲಾಯಿತು. ಅಲ್ಲಿಯವರೆಗೆ ಆ ಲೈನಿನ ಊರುಗಳಿಗೆ, ಒಂದು ಮಂಜುಗಡ್ಡೆ ಕಾರ್ಖಾನೆಗೆ ವಿದ್ಯುತ್ತಿಲ್ಲ. ದೋಣಿಗಳಿಗೆ ಮಂಜು ಸಿಗದೆ ಮೀನು ಹಾಳಾಯಿತು. ಕಾರ್ಖಾನೆಯವರು ಲಿಖಿತ ದೂರು ಕೊಟ್ಟರು. ವಾರದ ನಂತರ ಕುಮಟಾದಲ್ಲಿ ವಿಚಾರಣೆ, ನಾನು ಸಾಕ್ಷಿ.

ಹಿಂದಿನ ದಿನ ಗುತ್ತಿಗೆದಾರರ ಮನೆಗೆ ಹೋದೆ. ಅವರು ಒಳಗೆ ಕರೆದು ಕೂರಿಸಿ ಶರಬತ್ತು ಕೊಟ್ಟರು.

"ನೋಡು ಭಾಯ್," ಎಂದರು. "ನಾವು ತೆಗೆಸಿದ್ದು ಅಂತ ಆದ್ರೆ ನಮ್ಮ ಪರವಾನಗಿ ಹೋಗ್ತದೆ. ಅದು ನಿಜ. ಆದ್ರೆ ಸುಳ್ಳು ಹೇಳು ಅಂತ ನಾನು ಹೇಳೂದಿಲ್ಲ. ನೀನು ಅಲ್ಲಿ ಇದ್ದವ. ನಿನ್ನ ದಿಲ್ ಎಂತ ಹೇಳ್ತದೆ ಅದು ಹೇಳು."

ಅವರು ಒತ್ತಾಯ ಮಾಡಿದ್ದರೆ ನನಗೆ ಇಂದು ಒಂದು ಆಸರೆ ಇರುತ್ತಿತ್ತು. ಮಾಡಲಿಲ್ಲ. ಮನೆಗೆ ಬಂದು ರಿಜಿಸ್ಟರಿನ ಆ ದಿನದ ಪುಟ ಕಿತ್ತು ಹೊಸದಾಗಿ ಬರೆದೆ. ನನ್ನ ಅಕ್ಷರ ಗುಂಡಗೆ ಚೆನ್ನಾಗಿದೆ. ತಂತಿಯ ಎತ್ತರ ಸಾಕಷ್ಟಿತ್ತು, ವಿದ್ಯುತ್ ನಿಲ್ಲಿಸುವ ಅಗತ್ಯವಿರಲಿಲ್ಲ ಎಂದು ಬರೆದೆ. ಬರೆಯುವಾಗ ಪರವಾನಗಿಯ ಚಿಂತೆ ಅಷ್ಟಿರಲಿಲ್ಲ. ದಬ್ಬೆ ಗಾಡಿಯವನ ಅಳತೆ ತಪ್ಪಿತ್ತು ಎಂದು ನಾಲ್ಕು ಜನರ ಬಾಯಲ್ಲಿ ಬರುವುದನ್ನು ಸಹಿಸಲಾರದೆ ಹೋದೆ. ಅದೇ ನಿಜವಾದ ಕಾರಣ.

ಅಧಿಕಾರಿ ಪುಟ ಓದಿದರು. "ಸ್ವಿಚ್ ತೆಗೆಯಲು ನೀವು ಹೇಳಿದಿರಾ?"

"ಇಲ್ಲ ಸಾರ್," ಎಂದೆ.

ಲೈನ್‌ಮನ್ ಬಾಗಿಲ ಬಳಿ ನಿಂತಿದ್ದ. ಅಧಿಕಾರಿ ಅವನ ಕಡೆ ತಿರುಗಿ, "ಮತ್ಯಾಕೆ ತೆಗೆದೆ?" ಎಂದರು. ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಕಂಬ ಹತ್ತುವ ಮುಂಚೆ ಬುಡ ಗಟ್ಟಿ ಇದೆಯೇ ಎಂದು ನೋಡುತ್ತಾನಲ್ಲ, ಹಾಗೆ ನೋಡಿದ.

"ತಂತಿ ಕೆಳಗೆ ಬಂದಿತ್ತು ಸಾರ್. ಚಾಲಕ ಸಾಯ್ತಿದ್ದ. ನಂಗೆ ತೋಚ್ತು, ತೆಗೆದೆ."

ಅಷ್ಟೇ. ನನ್ನ ಹೆಸರು ಎತ್ತಲಿಲ್ಲ. ಅವನನ್ನು ಅಮಾನತು ಮಾಡಿದರು. ಆಮೇಲೆ ಘಟ್ಟದ ಮೇಲೆ ಕಾಡಿನ ನಡುವಿನ ಒಂದು ಸೆಕ್ಷನ್ನಿಗೆ ಹಾಕಿದರು. ಆ ವರ್ಷ ಅವನಿಗೆ ಮೇಸ್ತ್ರಿಯಾಗಿ ಬಡ್ತಿ ಬರಬೇಕಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಅದು ಬರಲೇ ಇಲ್ಲ.

ಮುಂದಿನ ಮಾರ್ಚಿನಲ್ಲಿ ರಸ್ತೆ ಖಾಲಿ. ಅನುಕೂಲ ಕಡಿಮೆಯಾಗುತ್ತದೆ ಎಂಬ ಮಾತಿಗೇ ಕೊಳ್ಳುವವರು ಹಿಂದೆ ಸರಿದಿದ್ದರು. ನನ್ನ ದಬ್ಬೆಗಳು ಬೇಲಿಗೆ ಹೋದವು. ಒಂದೆರಡು ವರ್ಷ ಬಿಟ್ಟು ರಾಜ್ಯ ಸರ್ಕಾರ ಗಾಳಿಯ ವಿದ್ಯುತ್ತಿಗೆ ಇಷ್ಟು ದರ, ಇಷ್ಟು ವರ್ಷ ಕೊಳ್ಳುತ್ತೇವೆ ಎಂದು ಮಾತು ಕೊಟ್ಟಾಗ ಮತ್ತೆ ಬಂದವು, ಈ ಸಲ ಇನ್ನೂ ಉದ್ದದ ರೆಕ್ಕೆಗಳು. ನಾನು ಹೊಸ ದಬ್ಬೆ ಕಟ್ಟಿದೆ, ಹೊಸ ರಿಜಿಸ್ಟರು ಮಾಡಿದೆ. ಅದರಲ್ಲಿ ಮೊದಲನೇ ದಿನವೇ ಗೆರೆ ಎಳೆದು ಒಂದು ಕಲಂ ಹಾಕಿದೆ: ಅಳೆದ ಹೊತ್ತು, ಬಿಸಿಲು, ವಿದ್ಯುತ್ ಇತ್ತೋ ಇಲ್ಲವೋ. ಒಂದೇ ತಂತಿಯನ್ನು ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಅಳೆದು, ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದೆ. ಯಂತ್ರದ ಕಂಪನಿಯ ಹೊಸ ಅಧಿಕಾರಿ ಅದನ್ನು ನೋಡಿ, ಇದನ್ನು ನಮ್ಮ ಎಲ್ಲ ದಾರಿಗಳಿಗೂ ಮಾಡಿಸುತ್ತೇವೆ ಎಂದ. ಮಾಡಿಸಿದ ಕೂಡ. "ಒಳ್ಳೇ ತಲೆ ನಿಮ್ಮದು," ಎಂದು ಎಲ್ಲರೆದುರು ಹೇಳಿದ. ನಾನು ನಕ್ಕು ಕೈ ಮುಗಿದೆ. ಆ ಕಲಂ ಬಂದ ಮೇಲೆ ಹತ್ತು ವರ್ಷ ಈ ಮೂರು ತಾಲ್ಲೂಕುಗಳಲ್ಲಿ ನಮ್ಮ ಒಂದು ಹೊರೆಗೂ ತಂತಿಯ ತೊಂದರೆ ಆಗಲಿಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ. ಕೂಡಲೇ ಇಳಿಯುತ್ತದೆ.

ಒಮ್ಮೆ ತಮಿಳು ಚಾಲಕನ ಜೊತೆ ಆ ಗುಡ್ಡ ನೋಡಲು ಹೋಗಿದ್ದೆ. ನಮ್ಮ ಯಂತ್ರ ಎರಡು ವರ್ಷ ಕೆಟ್ಟು ನಿಂತಿತ್ತಂತೆ. ಕಾವಲಿನವನು ಹೇಳಿದ: "ಮೊದಲಿನ ಧಣಿಗೆ ಅದು ನಿಂತ್ರೂ ಅಷ್ಟ, ತಿರುಗಿದ್ರೂ ಅಷ್ಟ. ಕಾಗದ ಸಿಕ್ಕಿತ್ತಲ್ರೀ. ಈಗಿನವ್ರು ಯುನಿಟ್ಟಿನ ಲೆಕ್ಕದಾಗ ರೊಕ್ಕ ನೋಡೋರು. ಕೊಂಡು ರಿಪೇರಿ ಮಾಡಿಸ್ಯಾರ. ಒಂದು ತಾಸು ನಿಂತ್ರ ಓಡಿ ಬರ್ತಾರ." ಜೂನ್ ತಿಂಗಳು. ರೆಕ್ಕೆಗಳು ಉಸಿರು ಬಿಡುವ ಹಾಗೆ ಸದ್ದು ಮಾಡುತ್ತ ತಿರುಗುತ್ತಿದ್ದವು. ಬುಡದ ಕೊಳವೆಯ ಮೇಲೆ ಕೈ ಇಟ್ಟೆ. ಒಳಗೆ ನಡುಕವಿತ್ತು. ಚಾಲಕನೂ ಇಟ್ಟ. "ಆ ಲೈನ್‌ಮನ್ ಅಣ್ಣ ಹೇಗಿದ್ದಾರೆ?" ಎಂದು ಕೇಳಿದ. ಗೊತ್ತಿಲ್ಲ ಎಂದೆ.

ಅವನು ಸಿಕ್ಕಿದ್ದು ಅದಾಗಿ ಮೂರ್ನಾಲ್ಕು ವರ್ಷಕ್ಕೆ, ಕುಮಟಾದಲ್ಲಿ. ಬೆಳಿಗ್ಗೆ ಒಂದು ರೆಕ್ಕೆ ದಾಟುತ್ತಿತ್ತು, ನಮ್ಮವರು ಹಗ್ಗ ಹಿಡಿದು ಜನರನ್ನು ತಡೆದಿದ್ದರು. ಹಗ್ಗದ ಆಚೆ, ಕೈಚೀಲ ಹಿಡಿದು, ಅವನು ನಿಂತಿದ್ದ. ಕೂದಲು ಬೆಳ್ಳಗಾಗಿತ್ತು. ನೌಕರಿ ಮುಗಿಸಿ ಊರಿಗೆ ಬಂದಿದ್ದನಂತೆ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹತ್ತಿರ ಹೋದೆ.

"ಉದ್ದ ಆತಲಾ ರೆಕ್ಕೆ," ಎಂದ.

"ಹೌದಾ. ವರ್ಷ ವರ್ಷ ಬೆಳೀತದೆ."

ರೆಕ್ಕೆ ನಮ್ಮೆದುರು ನಿಧಾನ ಹೋಯಿತು. ಅವನು ಅದರ ಮೇಲಿನ ತಂತಿಯನ್ನು ನೋಡುತ್ತಿದ್ದ. ಹೇಳಬೇಕು, ಈಗ ಹೇಳಬೇಕು ಎಂದುಕೊಂಡೆ.

"ಹೊತ್ತು ಬರೀತ್ಯನಾ ಈಗ?" ಎಂದು ಕೇಳಿದ.

"ಬರೀತೆ."

"ಆತು," ಎಂದ.

ಅಷ್ಟರಲ್ಲಿ ಹಗ್ಗ ಬಿಟ್ಟರು, ಜನ ನುಗ್ಗಿದರು. ಅವನು ಕೈಚೀಲ ಹಿಡಿದು ಬಸ್ಸಿನ ಕಡೆ ಹೋದ. ನಾನು ಹಿಂದೆ ನಾಲ್ಕು ಹೆಜ್ಜೆ ಹೋದೆ. ಆಮೇಲೆ ಯಾರೋ ನನ್ನನ್ನು ಕರೆದರು, ತಿರುಗಿದೆ. ಕರೆದದ್ದು ದೊಡ್ಡ ಕೆಲಸಕ್ಕೇನಲ್ಲ. ಮುಂದಿನ ಮಳೆಗಾಲದಲ್ಲಿ ಅವನು ತೀರಿಕೊಂಡ. ನಾನು ಮಣ್ಣಿಗೂ ಹೋಗಲಿಲ್ಲ.

ಈ ಬರಹದಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಒಂದನ್ನು ಬರೆಯಬೇಕು. ಧಾರೇಶ್ವರದ ಮುಂಚಿನ ಆ ತಂತಿಯ ತಪ್ಪಿದ ಅಳತೆ ನನ್ನದು. ಸ್ವಿಚ್ ತೆಗೆ ಎಂದದ್ದು ನಾನು. ಜವಾಬ್ದಾರಿ ನನ್ನದು ಎಂದದ್ದೂ ನಾನು. ಹೊತ್ತಿನ ಕಲಮನ್ನು ಕಲಿಸಿದವನು, ಸ್ವಿಚ್ ತೆಗೆದವನು, ಒಬ್ಬ ಚಾಲಕನನ್ನು ಉಳಿಸಿದವನು, ಕೊಳವೆಯ ಮೇಲೆ ಕೂತು ತಂತಿಯನ್ನು ಎತ್ತಿ ಹಿಡಿದವನು ಲೈನ್‌ಮನ್ ಜಟ್ಟಿ ಸುಬ್ಬಯ್ಯ ನಾಯ್ಕ.